ಚಳಿನಾಡಿನಲ್ಲಿ ನಿಂಬೆಯ ಗಿಡ



ನಿಂಬೆಯ ಗಿಡಕ್ಕೆ ಚಳಿಯಿಂದ ಕೇಡುಂಟೆಂದು ಚಿಂತಿಸುವ ಪ್ರಸಂಗ ನಮ್ಮ ಸೀಮೆಯವರಿಗೆ ಒದಗುವುದಿಲ್ಲ. ವಿಜಯಪುರ ಜಿಲ್ಲೆಯ ಇಂಡಿಯ ಕಡೆಗೆ ಹೋದವರು ಸುಡುಬಿಸಿಲಿಗೆ ಮೈಯೊಡ್ಡಿ ನಿಂತ ಲಿಂಬೆಯ ತೋಟಗಳನ್ನು ಕಂಡಿರುತ್ತಾರೆ. ಅಲ್ಲಿಯ ರೈತನಿಗೆ ನೀರಿನ ಚಿಂತೆಯುಂಟು, ಪೇಟೆಯ ಧಾರಣೆಯ ಚಿಂತೆಯುಂಟು, ಹಿಮದ ಚಿಂತೆಯಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳ ಬಗೆ ಬದಲಾಗಿದೆ. ಮಕ್ಕಳು ಮೊಮ್ಮಕ್ಕಳು ಲಂಡನ್, ಟೊರಾಂಟೊ, ಆಮ್‌ಸ್ಟರ್‌ಡಾಮ್ ಎಂದು ನೆಲೆಸಿದ್ದಾರೆ. ಅಲ್ಲಿಯ ಮನೆಯಲ್ಲಿ ಒಂದು ತುಳಸಿ, ಒಂದು ಕರಿಬೇವು, ಒಂದು ನಿಂಬೆ ಇರಲಿ ಎಂಬ ಆಸೆ ಸಹಜವಾದುದೇ.

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿಬಂದ ತಾಯಿಯೊಬ್ಬರು ಹೀಗೆ ಬರೆದಿದ್ದಾರೆ. ಮೊಮ್ಮಗಳು ಹುಟ್ಟಿದ ವರ್ಷ ಅಂಗಡಿಯಿಂದ ತಂದ ನಿಂಬೆಯ ಗಿಡವದು. ಎರಡು ವರ್ಷ ಚೆನ್ನಾಗಿತ್ತು. ಈ ಸಲ ಮಾರ್ಗಶಿರ ಕಳೆಯುವುದರೊಳಗೆ ಎಲೆಯೆಲ್ಲ ಉದುರಿ ಬರಿಯ ಕಡ್ಡಿಯಾಗಿ ನಿಂತಿದೆ. ಚಳಿ ತಾಗದಿರಲೆಂದು ಮನೆಯೊಳಗೆ ಹೀಟರಿನ ಮಗ್ಗುಲಿಗೇ ಇಟ್ಟಿದ್ದರಂತೆ, ದಿನವೂ ನೀರು ಹಾಕಿದ್ದರಂತೆ. ಅಳಿಯಂದಿರು ಕಿತ್ತುಹಾಕೋಣ ಎನ್ನುತ್ತಾರೆ, ಮಗಳಿಗೆ ಮನಸ್ಸು ಬಾರದು. ಗಿಡ ಹೋಯಿತೋ ಉಳಿದೀತೋ, ತಾವು ತಿಳಿಸಬೇಕು ಎಂದು ಆ ತಾಯಿ ಕೇಳಿದ್ದಾರೆ.

ಕಿತ್ತುಹಾಕಬಾರದೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಏಕೆಂಬುದನ್ನು ತಿಳಿಯಲು ನಿಂಬೆಯನ್ನು ಚಳಿನಾಡಿನಲ್ಲಿ ಆರುನೂರು ಏಳುನೂರು ವರ್ಷ ಬೆಳೆದ ಜನರ ಕಡೆಗೆ ತುಸು ಹೋಗಿಬರಬೇಕು.

ಅದಕ್ಕೆ ಮುನ್ನ ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ನಾವು ನಿಂಬೆ, ಲಿಂಬೆ ಎಂದು ಕರೆಯುವುದು ದುಂಡಗಿನ, ತೆಳುಸಿಪ್ಪೆಯ ಚಿಕ್ಕ ಹಣ್ಣನ್ನು. ಉತ್ತರ ಹಿಂದೂಸ್ಥಾನದವರು ಅದನ್ನು ಕಾಗಜಿ ನಿಂಬು ಎನ್ನುತ್ತಾರೆ. ಇಂಗ್ಲಿಷಿನವರಿಗೆ ಅದು ಲೈಮ್. ಯೂರೋಪಿನ ಅಂಗಡಿಗಳಲ್ಲಿ ದೊರೆಯುವ ಲೆಮನ್ ಬೇರೆ: ಉದ್ದನೆಯದು, ದಪ್ಪ ಸಿಪ್ಪೆಯದು, ತುದಿಯಲ್ಲಿ ಮೊಲೆತೊಟ್ಟಿನಂತೆ ಚೂಪಾದುದು. ಎರಡಕ್ಕೂ ತಂದೆ ಒಬ್ಬನೇ, ನಮ್ಮ ಮಾದಲದ ಹಣ್ಣು. ಮಾದಲವೂ ಕಹಿ ಕಿತ್ತಳೆಯೂ ಕೂಡಿ ಲೆಮನ್ ಆಯಿತು. ಮಾದಲವು ಬೇರೊಂದು ಕಾಡುಜಾತಿಯೊಡನೆ ಕೂಡಿ ನಮ್ಮ ನಿಂಬೆಯಾಯಿತು. ಈ ಕುಲವೆಲ್ಲ ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಅಸ್ಸಾಮಿನ ಪೂರ್ವಭಾಗ, ಬರ್ಮಾದ ಉತ್ತರ, ಚೀನದ ಯುನ್ನಾನ್ ಪ್ರಾಂತ್ಯಗಳು ಕೂಡುವಲ್ಲಿ ಹುಟ್ಟಿತೆಂದು 2018ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು ತೋರಿಸಿತು. ಮಾದಲವೆಂದರೆ ಸಂಸ್ಕೃತದ ಮಾತುಲುಂಗ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿಯೂ ಲಕುಲೀಶನ ವಿಗ್ರಹಗಳಲ್ಲಿಯೂ ಇರುವ ಫಲವಿದೇ. ಹಣ್ಣಿನೊಡನೆ ಹೆಸರೂ ಪಡುವಣಕ್ಕೆ ನಡೆಯಿತು. ನಿಂಬು ಎಂಬುದು ಪಾರಸಿಯಲ್ಲಿ ಲೀಮೂ, ಅರಬ್ಬಿಯಲ್ಲಿ ಲೈಮೂನ್, ಇಟಲಿಯಲ್ಲಿ ಲಿಮೋನೆ ಆಗಿ ಇಂಗ್ಲಿಷಿನ ಲೆಮನ್ನಿಗೆ ಮುಟ್ಟಿತು.

ಬಿಸಿಲನಾಡಿನ ಈ ಗಿಡಕ್ಕೆ ಚಳಿಯ ಎರಡು ಮೆಟ್ಟಿಲುಗಳಿವೆ. ಸುಮಾರು 13 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಾದರೆ ಅದು ಬೆಳೆಯುವುದನ್ನು ನಿಲ್ಲಿಸಿ ವಿಶ್ರಮಿಸುತ್ತದೆ. ಬೇರು ನೀರೆಳೆಯುವುದನ್ನು ಬಹುಮಟ್ಟಿಗೆ ಬಿಡುತ್ತದೆ. ಇದು ನಿದ್ರೆ, ರೋಗವಲ್ಲ. ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದು ಕೆಲವು ಗಂಟೆ ನಿಂತರೆ ಹೂವು, ಕಾಯಿ, ಎಳೆಯ ಚಿಗುರು ಸುಟ್ಟಂತೆ ಕರಗುತ್ತವೆ. ಇನ್ನೂ ಇಳಿದರೆ ಕಾಂಡವೇ ಸೀಳುತ್ತದೆ. ಈ ಎರಡು ಮೆಟ್ಟಿಲುಗಳ ನಡುವಣ ಅಂತರದಲ್ಲಿಯೇ ಚಳಿನಾಡಿನ ನಿಂಬೆಯ ಬಾಳೆಲ್ಲ ಅಡಗಿದೆ.

ಉತ್ತರ ಇಟಲಿಯಲ್ಲಿ ಗಾರ್ದಾ ಎಂಬ ಸರೋವರವಿದೆ. ಆಲ್ಪ್ಸ್ ಪರ್ವತಗಳ ಅಡಿಯಲ್ಲಿ ಸುಮಾರು 370 ಚದರ ಕಿಲೋಮೀಟರ್ ಹರಡಿರುವ ಇದು ಇಟಲಿಯ ಸರೋವರಗಳಲ್ಲೆಲ್ಲ ದೊಡ್ಡದು. ಆಳ 346 ಮೀಟರ್. ಬೇಸಗೆಯಿಡೀ ಬಿಸಿಲುಂಡ ಈ ನೀರು ಚಳಿಗಾಲದಲ್ಲಿ ತನ್ನ ಬಿಸುಪನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಬಡಗಣ ಗಾಳಿಯನ್ನು ಬೆಟ್ಟಗಳು ತಡೆಯುತ್ತವೆ. ಆದರೂ ಅದು 45 ಡಿಗ್ರಿಗೂ ಮೇಲಿನ ಅಕ್ಷಾಂಶ. ಸಿಸಿಲಿಯಂತೆ ಬಯಲಿನಲ್ಲಿ ನಿಂಬೆ ನೆಟ್ಟು ನೆಮ್ಮದಿಯಾಗಿ ಮಲಗುವ ಸ್ಥಳವಲ್ಲ. ಅಂಥಲ್ಲಿ ಸರೋವರದ ಪಡುವಣ ದಡದ ಗಾರ್ಞಾನೊ ಎಂಬ ಊರಿಗೆ ನಿಂಬೆಯನ್ನು ತಂದವರು 13ನೆಯ ಶತಮಾನದ ಫ್ರಾನ್ಸಿಸ್ಕನ್ ಸಂನ್ಯಾಸಿಗಳೆಂದು ಆ ಸೀಮೆಯ ಪರಂಪರೆ ಹೇಳುತ್ತದೆ. ಅವರ ಮಠದ ಅಂಗಳದ ಸುತ್ತಿನ ಕಂಬಗಳ ಬೋದಿಗೆಗಳಲ್ಲಿ ನಿಂಬೆ ಜಾತಿಯ ಹಣ್ಣುಗಳನ್ನು ಕೆತ್ತಿದ್ದಾರೆ. ಮಠದ ಹಿತ್ತಿಲಿನಿಂದ ಊರಿಗೆ ಗಿಡಮೂಲಿಕೆಗಳು ಹರಡುವುದು ನಮ್ಮಲ್ಲಿಯೂ ಕಂಡದ್ದೇ. ಸಂಸಾರವಿಲ್ಲದವರಿಗೆ ಹತ್ತು ವರ್ಷ ಕಾಯುವ ವ್ಯವಧಾನವಿರುತ್ತದೆ.

ಮುಂದೆ ಗಾರ್ಞಾನೊದಿಂದ ಲಿಮೋನೆ ಎಂಬ ಊರಿನವರೆಗೆ ದಡದ ಕಡಿದಾದ ಇಳಿಜಾರೆಲ್ಲ ನಿಂಬೆಮನೆಗಳಾದವು. (ಲಿಮೋನೆ ಎಂಬ ಹೆಸರು ನಿಂಬೆಯಿಂದ ಬಂದುದೆಂದು ಪ್ರವಾಸಿಗರು ನಂಬುತ್ತಾರೆ. ಎಲ್ಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದೆಂಬುದು ವಿದ್ವಾಂಸರ ಒಲವು.) ಬೆಟ್ಟದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಬಡಗಣಕ್ಕೆ ಎತ್ತರದ ಕಲ್ಲುಗೋಡೆ ಎಬ್ಬಿಸಿ, ಎರಡು ಮಗ್ಗುಲಿಗೂ ಗೋಡೆ ಕಟ್ಟಿ, ಸರೋವರದ ಕಡೆಯ ಮುಖವನ್ನು ಮಾತ್ರ ತೆರೆದಿಟ್ಟರು. ಒಳ್ಳೆಯ ಮಣ್ಣನ್ನು ಸರೋವರದ ತೆಂಕಣ ದಡದಿಂದ ದೋಣಿಗಳಲ್ಲಿ ತಂದು ತುಂಬಿದರೆನ್ನುತ್ತಾರೆ. ಪ್ರತಿ ಮೆಟ್ಟಿಲಿನ ಮೇಲೂ ಚೌಕನೆಯ ಎತ್ತರದ ಕಂಬಗಳ ಸಾಲು. ಎರಡು ಕಂಬಗಳ ನಡುವಣ ಅಂಕಣಕ್ಕೆ ಒಂದು ಗಿಡ. ಬೆಟ್ಟದ ತೊರೆಯ ನೀರು ಕಾಲುವೆಯಲ್ಲಿ ಬರುತ್ತಿತ್ತು. ಬೇಸಗೆಯಲ್ಲಿ ಈ ಕಂಬಗಳ ಮೇಲೆ ಸೂರಿಲ್ಲ. ದೂರದಿಂದ ನೋಡಿದವರಿಗೆ ಹಾಳುಬಿದ್ದ ದೇಗುಲದ ಸಾಲುಗಂಬಗಳಂತೆ ತೋರಬೇಕು. ಜರ್ಮನಿಯ ಮಹಾಕವಿ ಗಯಟೆ 1786ರ ಸೆಪ್ಟೆಂಬರಿನಲ್ಲಿ ದೋಣಿಯಲ್ಲಿ ಇದರ ಮುಂದೆಯೇ ಹಾದುಹೋದಾಗ ಈ ಬಿಳಿಯ ಕಂಬಗಳನ್ನು ಕಂಡು ಬರೆದಿಟ್ಟಿದ್ದಾನೆ. ಎದುರುಗಾಳಿಯಿಂದ ಆಚೆಯ ದಡದ ಮಾಲ್ಚೇಸಿನೆಯಲ್ಲಿ ಇಳಿಯಬೇಕಾಯಿತು. ಅಲ್ಲಿಯ ಹಳೆಯ ಕೋಟೆಯ ಚಿತ್ರ ಬರೆಯುತ್ತ ಕುಳಿತವನನ್ನು ಊರವರು ಗೂಢಚಾರನೆಂದು ಬಗೆದು ಮುತ್ತಿದರಂತೆ!

ನವೆಂಬರ್ ಬಂತೆಂದರೆ ಕೆಲಸ ಮೊದಲಾಗುತ್ತಿತ್ತು. ತೋಟದ ಮಗ್ಗುಲಿನ ಉಗ್ರಾಣದಿಂದ ತೊಲೆಗಳನ್ನು, ಹಲಗೆಗಳನ್ನು, ಗಾಜಿನ ಚೌಕಟ್ಟುಗಳನ್ನು ಹೊರತಂದು, ಕಂಬದ ಮೇಲೆ ನಡೆಯುವ ಆಳುಗಳು ಸೂರು ಹೊದಿಸುತ್ತಿದ್ದರು. ಮುಂದಿನ ತೆರೆದ ಮುಖಕ್ಕೆ ಹಲಗೆಯನ್ನೂ ಗಾಜನ್ನೂ ಜೋಡಿಸಿ, ಸಂದುಗೊಂದುಗಳಿಗೆ ಒಣಹುಲ್ಲು ತುರುಕುತ್ತಿದ್ದರು. ಮಾರ್ಚಿನಲ್ಲಿ ಮತ್ತೆ ಎಲ್ಲವನ್ನೂ ಬಿಚ್ಚಿ ಉಗ್ರಾಣಕ್ಕೆ ಸೇರಿಸಬೇಕು. 1912ರಿಂದ 1913ರವರೆಗೆ ಗಾರ್ಞಾನೊದಲ್ಲಿದ್ದ ಇಂಗ್ಲಿಷ್ ಲೇಖಕ ಡಿ.ಎಚ್. ಲಾರೆನ್ಸ್ ಆ ಮನೆಗಳ ಒಳಗಿನ ಚಳಿಗಾಲದ ಮಬ್ಬುಗತ್ತಲನ್ನು 1916ರಲ್ಲಿ ಪ್ರಕಟವಾದ ತನ್ನ ಇಟಲಿಯ ಪುಸ್ತಕದಲ್ಲಿ ವರ್ಣಿಸಿದ್ದಾನೆ.

ಓದುಗರು ಗಮನಿಸಬೇಕಾದುದು ಇಲ್ಲಿದೆ. ಆ ಮನೆಗಳೊಳಗೆ ದಿನವೂ ಬೆಂಕಿ ಹಾಕುತ್ತಿರಲಿಲ್ಲ. ಬಿಸಿಲು ಬಂದ ಹಗಲಿನಲ್ಲಿ ಮುಂದಿನ ಗಾಜುಗಳನ್ನು ತೆರೆದು ಗಾಳಿಯಾಡಿಸುತ್ತಿದ್ದರು; ಸಂಜೆ ಮುಚ್ಚುತ್ತಿದ್ದರು. ಗಿಡಗಳ ನಡುವೆ ನೀರು ತುಂಬಿದ ಬಟ್ಟಲುಗಳನ್ನು ಇಟ್ಟಿರುತ್ತಿದ್ದರು. ರಾತ್ರಿಯ ಪಾಳಿಯವನು ಬಂದು ನೋಡಿದಾಗ ನೀರಿನ ಮೇಲೆ ಕೆನೆಯಂತೆ ಮಂಜು ಕಟ್ಟತೊಡಗಿದ್ದರೆ ಆಗ ಮಾತ್ರ ಒಳಗೆ ಬೆಂಕಿ ಹೊತ್ತಿಸುತ್ತಿದ್ದರು. ಉಷ್ಣಮಾಪಕವಿಲ್ಲದ ಕಾಲದ ಜಾಣತನವಿದು. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. ಗಿಡಕ್ಕೆ ಪೆಟ್ಟು ಬೀಳುವುದು ಅದಕ್ಕಿಂತ ಎರಡು ಮೂರು ಡಿಗ್ರಿ ಕೆಳಗೆ. ಆ ನಡುವಣ ಹೊತ್ತು ಬೆಂಕಿ ಮಾಡಲು ಸಾಕು. ಗಿಡವನ್ನು ಬೆಚ್ಚಗಿಡುವ ಹಂಬಲ ಅವರಿಗಿರಲಿಲ್ಲ. ಅದು ತಣ್ಣಗೆ ನಿದ್ರಿಸಲಿ, ಸಾಯದಿದ್ದರೆ ಸಾಕು ಎಂಬಷ್ಟೇ ಲೆಕ್ಕ.

ಈ ಲೆಕ್ಕದ ಮೇಲೆ ಅವರು ಶತಮಾನಗಳ ಕಾಲ ಜರ್ಮನಿ, ಪೋಲೆಂಡ್, ರಷ್ಯಗಳವರೆಗೆ ಹಣ್ಣು ಮಾರಿದರು. ತೋಟಗಳು ಅಳಿದದ್ದಕ್ಕೆ ಚಳಿಯನ್ನೇ ದೂರುವವರಿದ್ದಾರೆ. ನಮಗೆ ಅದು ಸರಿತೋರದು. 1850ರ ದಶಕದಲ್ಲಿ ಕಾಂಡದಿಂದ ಅಂಟು ಸೋರುವ ರೋಗವು ಗಿಡಗಳನ್ನು ತಿಂದಿತು. 1859ರವರೆಗೆ ಈ ದಡ ಆಸ್ಟ್ರಿಯದ ಆಳ್ವಿಕೆಯಲ್ಲಿತ್ತು, ಬಡಗಣ ಮಾರುಕಟ್ಟೆ ಒಂದೇ ಸಾಮ್ರಾಜ್ಯದೊಳಗಿತ್ತು. ಆಮೇಲೆ ಲಿಮೋನೆಯ ಆಚೆಗೇ ಗಡಿ ಬಿತ್ತು. 1861ರಲ್ಲಿ ಇಟಲಿ ಒಂದಾದ ಬಳಿಕ ಹಲಗೆ ಗಾಜುಗಳ ಖರ್ಚಿಲ್ಲದೆ ಬೆಳೆದ ಸಿಸಿಲಿಯ ಹಣ್ಣು ರೈಲಿನಲ್ಲಿ ಅಗ್ಗವಾಗಿ ಬಂದಿಳಿಯಿತು. ಮೊದಲ ಮಹಾಯುದ್ಧದಲ್ಲಿ ತೊಲೆ ಹಲಗೆಗಳನ್ನು ಸೈನ್ಯ ಒಯ್ದಿತು. ಇಷ್ಟೆಲ್ಲ ಆದಮೇಲೆ 1928-29ರ ಭೀಕರ ಚಳಿಗಾಲ ಬಂದದ್ದು. ಬಿದ್ದವನ ಮೇಲೆ ಕಲ್ಲು ಬಿದ್ದಂತಾಯಿತಷ್ಟೆ. ಇಂದು ಲಿಮೋನೆಯಲ್ಲಿ, ತಿಞಾಲೆಯ ದಡದಲ್ಲಿ, ಕೆಲವು ನಿಂಬೆಮನೆಗಳನ್ನು ಜೀರ್ಣೋದ್ಧಾರ ಮಾಡಿ ನೋಡುಗರಿಗೆ ತೆರೆದಿದ್ದಾರೆ. ಉಳಿದೆಡೆ ಬರಿಯ ಕಂಬಗಳು ನಿಂತಿವೆ.

ಅರಸುಗಳ ವೈಭವದ ಕಡೆ ನೋಡಿದರೂ ಇದೇ ಕ್ರಮ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 14ನೆಯ ಲೂಯಿ 1684ರಿಂದ 1686ರೊಳಗೆ ಕಟ್ಟಿಸಿದ ಕಿತ್ತಳೆಯ ಮನೆಯ ಗೋಡೆಗಳು ನಾಲ್ಕೈದು ಮೀಟರ್ ದಪ್ಪ. ಕಿಟಕಿಗಳು ತೆಂಕಣಕ್ಕೆ, ಅವಕ್ಕೆ ಎರಡು ಪದರ ಗಾಜು. ಒಲೆಯಿಲ್ಲದೆಯೂ ಒಳಗಿನ ಶಾಖ 5 ಡಿಗ್ರಿಗಿಂತ ಕೆಳಗಿಳಿಯದು. ಮರದ ಪೆಟ್ಟಿಗೆಗಳಲ್ಲಿ ನೆಟ್ಟ ಸಾವಿರಕ್ಕೂ ಮಿಕ್ಕಿದ ಗಿಡಗಳು ಅಕ್ಟೋಬರ್ ನಡುವಿನಿಂದ ಮೇ ನಡುವಿನವರೆಗೆ ಇಂದಿಗೂ ಅಲ್ಲಿಯೇ ಚಳಿಗಾಲ ಕಳೆಯುತ್ತವೆ.

ಇನ್ನು ಆ ತಾಯಿಯ ಮಗಳ ಮನೆಗೆ ಬರೋಣ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗಿಂತ ಕಡಿಮೆ, ಅದೂ ಮೋಡದ ಹಗಲು. ಬೆಂಗಳೂರಿನಲ್ಲಾದರೆ ಆ ತಿಂಗಳಲ್ಲಿಯೂ ಹನ್ನೊಂದು ಗಂಟೆಗೆ ಮೀರಿದ ಬೆಳಕುಂಟು. ಹೀಟರಿನ ಬಿಸಿ ಗಿಡವನ್ನು ಎಬ್ಬಿಸಿ ಕೂರಿಸುತ್ತದೆ. ಎದ್ದ ಗಿಡಕ್ಕೆ ಉಣ್ಣಲು ಬೆಳಕಿಲ್ಲ. ಹೀಟರಿನ ಒಣಗಾಳಿ ಎಲೆಯ ನೀರನ್ನು ಹೀರುತ್ತದೆ, ಜೊತೆಗೆ ನುಸಿ, ಹಿಟ್ಟುತಿಗಣೆಗಳನ್ನು ಸಾಕುತ್ತದೆ. ಇನ್ನು ಕುಂಡವನ್ನು ಕಿಟಕಿಯ ಬಳಿ ತಣ್ಣನೆಯ ಕಲ್ಲುನೆಲದ ಮೇಲಿಟ್ಟಿದ್ದರಂತೂ ತಲೆ ಕಾಯುತ್ತಿರುತ್ತದೆ, ಕಾಲು ಮರಗಟ್ಟಿರುತ್ತದೆ. ಎಲೆ ನೀರು ಕೇಳುತ್ತದೆ, ತಣ್ಣಗಾದ ಬೇರು ಕೊಡಲಾರದು. ಆಗ ಗಿಡ ತನ್ನನ್ನು ಉಳಿಸಿಕೊಳ್ಳಲು ಎಲೆಯನ್ನೇ ಉದುರಿಸಿಬಿಡುತ್ತದೆ. ಎಲೆ ಉದುರಿತೆಂದು ಮನೆಯವರು ಇನ್ನಷ್ಟು ನೀರು ಸುರಿಯುತ್ತಾರೆ. ಮಲಗಿದ ಬೇರು ಆ ಕೆಸರಿನಲ್ಲಿ ಕೊಳೆಯುತ್ತದೆ. ಚಳಿನಾಡಿನ ಮನೆಗಳಲ್ಲಿ ಹಿಮದಿಂದ ಸತ್ತ ನಿಂಬೆಗಿಂತ ಅಕ್ಕರೆಯ ನೀರಿನಿಂದ ಸತ್ತ ನಿಂಬೆಯೇ ಹೆಚ್ಚಿದ್ದರೆ ನಮಗೆ ಅಚ್ಚರಿಯಿಲ್ಲ.

ಎಲೆಯುದುರಿದ ಗಿಡವನ್ನು ಸತ್ತಿತೆನ್ನುವ ಮೊದಲು ಕಾಂಡದ ತೊಗಟೆಯನ್ನು ಉಗುರಿನಿಂದ ಒಂದಿಷ್ಟು ಕೆರೆದು ನೋಡಬೇಕು. ಕೆಳಗೆ ಹಸಿರು ಕಂಡರೆ ಜೀವವಿದೆ. ರೆಂಬೆಯ ತುದಿಯಲ್ಲಿ ಕಂದಾಗಿದ್ದರೆ ಕೆಳಕ್ಕೆ ಕೆಳಕ್ಕೆ ಕೆರೆಯುತ್ತ ಬರಬೇಕು. ಹಸಿರಿರುವ ಗಿಡವನ್ನು ಹೀಟರಿನಿಂದ ದೂರಕ್ಕೆ, ಬೆಳಕಿರುವ, ಬಿಸಿಮಾಡದ ಕೋಣೆಗೆ ಒಯ್ಯಿರಿ. ಕುಂಡದ ಕೆಳಗೆ ಹಲಗೆಯನ್ನೋ ಇಟ್ಟಿಗೆಯನ್ನೋ ಇಟ್ಟು ನೆಲದ ತಣುವು ತಪ್ಪಿಸಿರಿ. ಎಲೆಯಿಲ್ಲದ ಗಿಡಕ್ಕೆ ನೀರಿನ ಅಗತ್ಯವೇ ಅಲ್ಪ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಹಾಕಬೇಕು. ಗೊಬ್ಬರ ಬೇಡವೇ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ಹಗಲು ಬೆಳೆದಂತೆ ಹಳೆಯ ಗೆಣ್ಣುಗಳಲ್ಲಿ ಚಿಗುರು ಕಾಣಿಸಬೇಕು. ಒಣಗಿದ ತುದಿಗಳನ್ನು ಕತ್ತರಿಸುವ ಕೆಲಸ ಆಗಿನದು. ಜೂನ್ ಮುಗಿದರೂ ಎಲ್ಲಿಯೂ ಹಸಿರಿಲ್ಲದಿದ್ದರೆ ಆಗ ಅಳಿಯಂದಿರ ಮಾತು ನಡೆಯಲಿ.

ಮುಂದಿನ ಚಳಿಗಾಲಕ್ಕೆ ಎರಡು ದಾರಿಗಳಿವೆ. ಯಾವುದಾದರೂ ಒಂದನ್ನೇ ಹಿಡಿಯಬೇಕು. ಒಂದು ಗಾರ್ದಾದವರದು: 5ರಿಂದ 10 ಡಿಗ್ರಿಯ ತಣ್ಣನೆಯ, ಬೆಳಕಿನ ಜಾಗದಲ್ಲಿ ಸ್ವಲ್ಪವೇ ನೀರು ಕೊಟ್ಟು ಮಲಗಿಸುವುದು. ಗಾಜಿನ ಪಡಸಾಲೆಯಿದ್ದವರಿಗೆ ಇದು ಸುಲಭ. ಮತ್ತೊಂದು, ಬೆಚ್ಚನೆಯ ಕೋಣೆಯಲ್ಲಿಯೇ ಎಚ್ಚರವಾಗಿಡುವುದು. ಹಾಗಾದರೆ ತೆಂಕಣ ಕಿಟಕಿಯೂ ಸಾಲದು, ಗಿಡಗಳಿಗೆಂದೇ ಮಾರುವ ದೀಪ ಬೇಕು, ಬೇರೂ ಬೆಚ್ಚಗಿರಬೇಕು, ಬೆಣಚುಕಲ್ಲು ನೀರು ತುಂಬಿದ ತಟ್ಟೆಯ ಮೇಲೆ ಕುಂಡವಿಟ್ಟು ಗಾಳಿಗೆ ತೇವ ಕೊಡಬೇಕು. ಎರಡನೆಯದಕ್ಕೆ ಖರ್ಚು ಹೆಚ್ಚು. ಲೆಮನ್ನಿಗೆ ಮೊದಲನೆಯ ದಾರಿಯೇ ಲೇಸೆಂದು ನಮ್ಮ ಎಣಿಕೆ. ನಮ್ಮ ಚಿಕ್ಕ ನಿಂಬೆಯಾದರೋ ಇನ್ನೂ ಸುಕುಮಾರ. ಅದಕ್ಕೆ 10 ಡಿಗ್ರಿಗಿಂತ ಕೆಳಗಿಳಿಸದಿರುವುದು ಕ್ಷೇಮ. ಬೇಸಗೆಯಲ್ಲಿ ಎರಡನ್ನೂ ಹೊರಗಿಡಬೇಕು. ಇಂಗ್ಲೆಂಡಿನಲ್ಲಿ ಮೇ ನಡುವಿಗೆ ಹೊರತಂದು, ಹತ್ತು ದಿನ ನೆರಳಿನಲ್ಲಿರಿಸಿ ಆಮೇಲೆ ಬಿಸಿಲಿಗೆ ಸರಿಸುವುದು. ಅಕ್ಟೋಬರ್ ಮೊದಲಲ್ಲಿ ಒಳಗೆ. ಲಂಡನ್ನಿನ ನಲ್ಲಿಯ ನೀರು ಗಡಸು. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಮಳೆನೀರು ಹಿಡಿದು ಹಾಕಿರಿ.

ಹೊಸದಾಗಿ ಕೊಳ್ಳುವವರು ಮೇಯರ್ ಎಂಬ ಜಾತಿಯನ್ನು ಕೇಳಬಹುದು. ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕ ಸರ್ಕಾರಕ್ಕಾಗಿ ಏಷ್ಯದ ಗಿಡಗಳನ್ನು ಅರಸುತ್ತಿದ್ದ ಫ್ರಾಂಕ್ ಮೇಯರ್ 1908ರಲ್ಲಿ ಪೀಕಿಂಗಿನ ಸಮೀಪದಿಂದ ಇದನ್ನು ಒಯ್ದನು. ಚೀನದವರು ಕುಂಡದಲ್ಲಿಯೇ ಬೆಳೆಸುತ್ತಿದ್ದ ಗಿಡವಿದು. ಉಳಿದ ಲೆಮನ್ನುಗಳಿಗಿಂತ ಚಳಿಯನ್ನು ಚೆನ್ನಾಗಿ ತಡೆಯುತ್ತದೆ, ಹಣ್ಣಿನ ಹುಳಿ ಸ್ವಲ್ಪ ಸೌಮ್ಯ. 1940ರ ದಶಕದಲ್ಲಿ ಇದು ಹೊರಗೆ ತೋರದಂತೆ ವೈರಸ್ ಹೊತ್ತಿರುವುದು ಬಯಲಾಗಿ, ರೋಗವಿಲ್ಲದ ತಳಿಯನ್ನು 1975ರಲ್ಲಿ ಬಿಡುಗಡೆ ಮಾಡಿದರು. ಈಗ ಸಿಗುವುದು ಅದೇ. ಬೀಜದಿಂದ ಬೆಳೆಸುವುದಾದರೆ ಮುಳ್ಳು ಬೇಗ ಬರುತ್ತದೆ, ಹಣ್ಣಿಗೆ ಅನೇಕ ವರ್ಷ ಕಾಯಬೇಕು. ಕಸಿಗಿಡವು ಎರಡು ಮೂರು ವರ್ಷಗಳಲ್ಲಿಯೇ ಕಾಯಿ ಬಿಡುತ್ತದೆ.

ಕಸಿಗಿಡದ ವಿಷಯದಲ್ಲಿ ಸ್ವಾರಸ್ಯದ ಪತ್ರವೊಂದಿದೆ. ನಿಂಬೆಯ ಬುಡದಲ್ಲಿ ಬಿಲ್ವ ಹುಟ್ಟಿದೆ, ಮೂರೆಲೆಗಳು ಸ್ಪಷ್ಟವಾಗಿವೆ, ಪೂಜೆಗೆ ಬಳಸಬಹುದೇ ಎಂದು ಭಕ್ತರೊಬ್ಬರು ಕೇಳಿದ್ದಾರೆ. ಅವರ ಭಕ್ತಿಗೆ ಶರಣು. ಆದರೆ ಅದು ಬಿಲ್ವವಲ್ಲ. ಚಳಿನಾಡಿನಲ್ಲಿ ನಿಂಬೆಯನ್ನು ಹಲವೊಮ್ಮೆ ಮೂರೆಲೆಯ ಕಿತ್ತಳೆಯೆಂಬ ಚೀನದ ಗಿಡದ ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಅದು ಚಳಿಗಾಲಕ್ಕೆ ಎಲೆಯುದುರಿಸುವ ಜಾತಿ, ಹಿಮವನ್ನು ಲೆಕ್ಕಿಸದು. ಬಿಲ್ವ, ಕರಿಬೇವು, ನಿಂಬೆ, ಬೇಲ ಎಲ್ಲವೂ ಒಂದೇ ಕುಟುಂಬದವಾದ್ದರಿಂದ ಹೋಲಿಕೆ ಸಹಜ. ಕಸಿಯ ಗಂಟಿನ ಕೆಳಗಿನಿಂದ ಬಂದ ಈ ಚಿಗುರನ್ನು ಆಗಿಂದಾಗಲೇ ತೆಗೆಯಬೇಕು. ಬಿಟ್ಟರೆ ಬೇರಿನ ಗಿಡವೇ ಬೆಳೆದು ಮೇಲಿನ ನಿಂಬೆ ಸೊರಗುತ್ತದೆ.

ಮತ್ತೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಊರಿನಿಂದ ಹೋಗುವಾಗ ನಿಂಬೆಯ ಸಸಿಯನ್ನಾಗಲಿ ಕರಿಬೇವಿನ ಕಡ್ಡಿಯನ್ನಾಗಲಿ ಪೆಟ್ಟಿಗೆಯಲ್ಲಿ ಅಡಗಿಸಿ ಒಯ್ಯಬೇಡಿರಿ. ಕಾನೂನು ತಡೆಯುತ್ತದೆಂಬುದು ಒಂದು. ಅದಕ್ಕೆ ಕಾರಣವಿದೆಯೆಂಬುದು ದೊಡ್ಡದು. ಎಳ್ಳುಕಾಳಿನಷ್ಟು ಸಣ್ಣ ಕೀಟವೊಂದು ನಿಂಬೆ, ಕರಿಬೇವುಗಳ ಚಿಗುರಿನಲ್ಲಿ ಬದುಕುತ್ತದೆ. ನಿಂಬೆ ಕಿತ್ತಳೆಗಳ ಎಲೆ ಬಣ್ಣಗೆಟ್ಟು ಕಾಯಿ ಹಣ್ಣಾಗದೆ ಮರವೇ ಸಾಯುವ ರೋಗವನ್ನು ಹರಡುವುದು ಅದೇ. ಈ ರೋಗ 2005ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಿತ್ತಳೆಯ ತೋಟಗಳನ್ನು ಹಾಳುಗೆಡವಿತು. ಮದ್ದು ಸಿಕ್ಕಿಲ್ಲ. ಅಲ್ಲಿಯ ನರ್ಸರಿಯಲ್ಲಿಯೇ ಗಿಡ ಕೊಳ್ಳಿರಿ.

ಹೂವು ಬಿಟ್ಟರೆ ಪರಾಗಕ್ಕೆ ಎರಡನೆಯ ಗಿಡ ಬೇಡ. ಚಳಿಸೀಮೆಯಲ್ಲಿ ಹೂವು ಹಣ್ಣಾಗಲು ಒಂಬತ್ತು ತಿಂಗಳೂ ಹಿಡಿಯುತ್ತದೆ, ಕೆಲವೊಮ್ಮೆ ವರ್ಷವೂ ಆಗುತ್ತದೆ. ಮೇ ತಿಂಗಳ ಹೂವಿನ ಹಣ್ಣನ್ನು ಸಂಕ್ರಾಂತಿಗಿಂತ ಮೊದಲು ಎದುರುನೋಡುವಂತಿಲ್ಲ. ಎಳೆಯ ಗಿಡದಲ್ಲಿ ಇಪ್ಪತ್ತು ಕಾಯಿ ಕಚ್ಚಿದರೆ ನಾಲ್ಕೈದನ್ನು ಬಿಟ್ಟು ಉಳಿದವನ್ನು ತೆಗೆದುಬಿಡಬೇಕು. ಮೊಮ್ಮಗಳು ಒಪ್ಪದಿದ್ದರೆ ಆಕೆ ಮಲಗಿದಾಗ ತೆಗೆಯಿರಿ. ಕರಿಬೇವಿನ ವಿಷಯವಾಗಿಯೂ ಮೂವರು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.